ಬಂದರಿನ ಮಾತೆ, ಬಲ್ಮಠದ ಮೌನ



ನಾವು ಕುಳಿತಿರುವ ಮಂಗಳೂರಿನ ಈ ಬಂದರಿನಿಂದ ರೊಸಾರಿಯೊ ಇಗರ್ಜಿಗೆ ಕಾಲ್ನಡಿಗೆಯ ದಾರಿ. ಹಂಪನಕಟ್ಟೆಯಲ್ಲಿ ಮಿಲಾಗ್ರಿಸ್ ಇಗರ್ಜಿ. ಅದನ್ನು ದಾಟಿ ಏರು ಹತ್ತಿದರೆ ಬಲ್ಮಠದಲ್ಲಿ ಪ್ರೊಟೆಸ್ಟಂಟರ ಶಾಂತಿ ದೇವಾಲಯ. ಮೊದಲಿನವೆರಡೂ ಮರಿಯಮ್ಮನ ಹೆಸರಿನವು: ಒಂದು ಜಪಮಾಲೆಯ ಮಾತೆಯದು, ಇನ್ನೊಂದು ಅದ್ಭುತಗಳ ಮಾತೆಯದು. ಮೂರನೆಯದರಲ್ಲಿ ಮರಿಯಮ್ಮನೂ ಇಲ್ಲ, ಸಂತರೂ ಇಲ್ಲ. ಶಿಲುಬೆ, ಸತ್ಯವೇದ, ಪ್ರಸಂಗಪೀಠ ಇಷ್ಟೇ. ನಾನು ಆ ಮೂರನೆಯ ದೇವಾಲಯದ ಸಭೆಯಲ್ಲಿ ಹುಟ್ಟಿ ಬೆಳೆದವನು. ನೆರೆಮನೆಯ ಕಥೋಲಿಕರು ಸಂಜೆ ತೇರ್ಸ್, ಅಂದರೆ ಜಪಮಾಲೆ, ಹೇಳುವ ದನಿ ಗೋಡೆಯಾಚೆಯಿಂದ ಕೇಳುತ್ತಿದ್ದಾಗ ನಮ್ಮ ಮನೆಯಲ್ಲಿ ಕೀರ್ತನೆ ಹಾಡುತ್ತಿದ್ದೆವು. ಇಬ್ಬರಿಗೂ ಕ್ರಿಸ್ತನೊಬ್ಬನೇ. ಆದರೂ ಆ ಗೋಡೆ ಏಕೆ ಅಷ್ಟು ದಪ್ಪ ಎಂಬುದೇ ಇಂದಿನ ಉಪನ್ಯಾಸದ ವಿಷಯ.

‘ಅವರು ಮೂರ್ತಿಪೂಜಕರು’ ಎಂದು ನಮ್ಮ ಕಡೆಯವರು, ‘ಅವರಿಗೆ ತಾಯಿಯೇ ಇಲ್ಲ’ ಎಂದು ಅವರ ಕಡೆಯವರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಎರಡೂ ಮಾತು ವಿಷಯದ ಬುಡ ಮುಟ್ಟುವುದಿಲ್ಲ. ಮೂರ್ತಿ ಹೊರಗೆ ಕಾಣುವ ಭಾಗ ಮಾತ್ರ. ಒಳಗಿನ ಪ್ರಶ್ನೆ ಸತ್ತವರದ್ದು. ಕ್ರಿಸ್ತನಲ್ಲಿ ತೀರಿಕೊಂಡವರು ನಮ್ಮ ಮಾತು ಕೇಳುತ್ತಾರೆಯೆ? ಕೇಳುವುದಾದರೆ ಅವರನ್ನು ನಾವು ಕರೆಯಬಹುದೆ? ಮಂಗಳೂರಿನಲ್ಲಿ ಈ ಪ್ರಶ್ನೆಗೆ ಯುರೋಪಿನಲ್ಲಿ ಇಲ್ಲದ ಇನ್ನೊಂದು ತೂಕ ಕೂಡಿಕೊಂಡಿತು ಎಂಬುದು ನನ್ನ ವಾದ.

ಇತಿಹಾಸವನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದ್ದು 1568ರಲ್ಲಿ. ಕೋಟೆಗೆ ಸಂತ ಸೆಬಾಸ್ಟಿಯನನ ಹೆಸರು, ಅದರೊಳಗಿನ ಇಗರ್ಜಿಗೆ ಜಪಮಾಲೆಯ ಮಾತೆಯ ಹೆಸರು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಬಂದಾಗ ಇಲ್ಲಿನ ಇಗರ್ಜಿಗಳ ನಡುವೆ ಇದನ್ನೂ ಹೆಸರಿಸಿದ. ಮಿಲಾಗ್ರಿಸನ್ನು 1680ರಲ್ಲಿ ಗೋವೆಯ ದಿವಾಡಿಯವರಾದ ಬಿಷಪ್ ತೊಮಾಸ್ ದ ಕಾಸ್ಟ್ರೊ ಕಟ್ಟಿಸಿದರು. 1568 ಎಂದರೆ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ ಮುಗಿದು ಐದೇ ವರ್ಷ. ಆ ಮಹಾಸಭೆ 1563ರ ಡಿಸೆಂಬರಿನ ಕೊನೆಯ ಅಧಿವೇಶನದಲ್ಲಿ ಸಂತರ ವಿಷಯವನ್ನು ತೀರ್ಮಾನಿಸಿತ್ತು: ಸಂತರು ದೇವರ ಸನ್ನಿಧಿಯಲ್ಲಿ ನಮಗಾಗಿ ಬೇಡುತ್ತಾರೆ, ಅವರ ಮೊರೆ ಹೋಗುವುದು ಒಳ್ಳೆಯದು. ಮೂರ್ತಿಯೊಳಗೆ ಶಕ್ತಿಯಿದೆಯೆಂದು ಅದಕ್ಕೆ ಗೌರವ ಕೊಡುವುದಲ್ಲ. ಅದು ಯಾರನ್ನು ತೋರಿಸುತ್ತದೋ ಅವರಿಗೆ ಆ ಗೌರವ ಸಲ್ಲುತ್ತದೆ. ಇದೇ ನಿರ್ಣಯದಲ್ಲಿ ಮೂಢನಂಬಿಕೆಯನ್ನೂ ಹೊಲಸು ಹಣದಾಸೆಯನ್ನೂ ಕಿತ್ತುಹಾಕಬೇಕೆಂಬ ಆಜ್ಞೆಯೂ ಇದೆ. ಆ ಭಾಗವನ್ನು ನಾವು ಪ್ರೊಟೆಸ್ಟಂಟರು ಓದುವುದು ಕಡಿಮೆ. ಕಥೋಲಿಕರೂ ಓದಿದ್ದು ಕಡಿಮೆ ಎಂದು ಪ್ರೀತಿಯಿಂದಲೇ ಹೇಳುತ್ತೇನೆ.

ಅದೇ 1563ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಹೊರಬಂದ ಧರ್ಮಪ್ರಶ್ನೋತ್ತರ ಸಂತರನ್ನು ಕರೆಯುವುದನ್ನು ಮಾಟ, ಮೂಢಾಚಾರಗಳ ಸಾಲಿನಲ್ಲಿಟ್ಟು ನಿಷೇಧಿಸಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಅದಕ್ಕೂ ಮೊದಲೇ ಕೈಯಿಂದ ಉತ್ತರ ಕೊಟ್ಟಿತ್ತು. 1529ರ ಫೆಬ್ರವರಿಯಲ್ಲಿ ಜನ ಅಲ್ಲಿಯ ಮಹಾದೇವಾಲಯಕ್ಕೆ ನುಗ್ಗಿ ಮೂರ್ತಿಗಳನ್ನು ಒಡೆದರು. ಬೂದಿ ಬುಧವಾರ ಅವುಗಳನ್ನು ರಾಶಿ ಹಾಕಿ ಸುಟ್ಟರು. ನಮ್ಮ ಬಲ್ಮಠದ ಸಭೆಗೆ ಬುನಾದಿ ಹಾಕಿದ, ಆ ನಗರದ ಹೆಸರು ಹೊತ್ತ ಮಿಶನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದು ತಲುಪಿದರು. ಹಾಗೆಂದು ಇವರು ಮೂರ್ತಿಭಂಜಕರ ನೇರ ವಾರಸುದಾರರಲ್ಲ. ಬಾಸೆಲ್ ಮಿಶನಿನಲ್ಲಿ ಸ್ವಿಸ್ ಸುಧಾರಿತ ಸಭೆಯವರ ಜೊತೆ ವ್ಯುರ್ಟೆಂಬರ್ಗಿನ ಲೂಥರನ್ ಭಕ್ತರೂ ಇದ್ದರು, ಲೂಥರನಿಗೆ ಮರಿಯಮ್ಮನ ಮೇಲೆ ದ್ವೇಷವಿರಲಿಲ್ಲ. ಲೂಕನ ಸುವಾರ್ತೆಯಲ್ಲಿರುವ ಅವಳ ಹಾಡಿಗೆ ಆತ 1521ರಲ್ಲಿ ಬರೆದ ವ್ಯಾಖ್ಯಾನ ಭಕ್ತಿಯಿಂದ ತುಂಬಿದೆ. ಮೂರ್ತಿಗಳನ್ನು ಜ್ಯೂರಿಕ್ಕಿನ ದೇವಾಲಯಗಳಿಂದ ತೆಗೆಸಿದ ಜ್ವಿಂಗ್ಲಿ ಕೂಡ 1522ರಲ್ಲಿ ಮರಿಯಳು ನಿತ್ಯಕನ್ಯೆ ಎಂದು ಪ್ರಸಂಗ ಮಾಡಿದ್ದಾನೆ. ಸುಧಾರಕರು ಆಕೆಯನ್ನು ಬಿಡಲಿಲ್ಲ. ಬಿಟ್ಟವರು ಅವರ ಮೊಮ್ಮಕ್ಕಳು.

ಈಗ ತುಳುನಾಡಿಗೆ ಬರೋಣ. ವಿಷಯದ ತಿರುಳು ಇಲ್ಲಿದೆ.

ಬಾಸೆಲ್ ಮಿಶನಿನ ಸಭೆಗೆ ಬಂದ ತುಳುವರಲ್ಲಿ ಬಿಲ್ಲವರು ಬಹಳ. ಅವರು ಬಿಟ್ಟು ಬಂದದ್ದು ಭೂತಾರಾಧನೆಯನ್ನು. ಅಲ್ಲಿ ಪೂಜೆಗೊಳ್ಳುವ ದೈವಗಳಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ಮನುಷ್ಯರು. ಅವಳಿ ವೀರರಾದ ಕೋಟಿ-ಚೆನ್ನಯರು ಈ ಮಣ್ಣಿನಲ್ಲಿ ಉತ್ತು, ಕಾದಾಡಿ, ಅನ್ಯಾಯದ ಸಾವು ಸತ್ತವರು. ಕಾಯ ಬಿಟ್ಟು ಮಾಯ ಸೇರಿದ ಮೇಲೆ ತಮ್ಮ ಗುಡಿಯಾದ ಗರಡಿಯಲ್ಲಿ ನೆಲೆನಿಂತರು. ಇಂಥ ಕಥೆ ಹೇಳುವ ಪಾಡ್ದನ ಹಾಡುಗಳನ್ನು ಸಂಗ್ರಹಿಸಿ 1886ರಲ್ಲಿ ಅಚ್ಚಿಗೆ ತಂದವರು ಬಾಸೆಲ್ ಮಿಶನಿನವರೇ ಆದ ಮ್ಯಾನರ್. ತುಳುವನಿಗೆ ಸತ್ತವರು ಕೇಳುತ್ತಾರೆ ಎಂಬುದು ತರ್ಕದಿಂದ ಸಾಧಿಸಬೇಕಾದ ಸಂಗತಿಯಲ್ಲ. ಅವರು ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುತ್ತಾರೆ, ಹರಕೆ ನೆನಪಿಸುತ್ತಾರೆ, ಅಭಯ ಕೊಡುತ್ತಾರೆ, ಮುನಿಯುತ್ತಾರೆ.

ಆ ಲೋಕವನ್ನು ಬಿಟ್ಟು ಬಂದ ಮನುಷ್ಯನ ಜಾಗದಲ್ಲಿ ನಿಂತು ನೋಡಿ. ಆತ ದೈವದ ಕಲ್ಲನ್ನೂ ಸಾಮಗ್ರಿಯನ್ನೂ ಮಿಶನರಿಯ ಕೈಗೆ ಒಪ್ಪಿಸಿದ್ದಾನೆ. ಅವನ ಬಂಧುಗಳು ಅವನನ್ನು ಹೊರಗಿಟ್ಟಿದ್ದಾರೆ. ಮುಂದೆ ಬರುವ ಮುನಿಸಿಗೆ ಹೆದರಿ ರಾತ್ರಿ ನಿದ್ದೆಗೆಟ್ಟಿದ್ದಾನೆ. ಸತ್ತ ಯಾವ ಮನುಷ್ಯನಿಗೂ ನಿನ್ನ ಮೇಲೆ ಅಧಿಕಾರವಿಲ್ಲ, ನಿನಗೂ ದೇವರಿಗೂ ನಡುವೆ ಇರುವವನು ಕ್ರಿಸ್ತನೊಬ್ಬನೇ ಎಂಬ ಮಾತು ಅವನಿಗೆ ಬಿಡುಗಡೆ. ಅಂಥವನು ಕಥೋಲಿಕ ಇಗರ್ಜಿಗೆ ಕಾಲಿಟ್ಟು, ಮೇಣದಬತ್ತಿಗಳ ನಡುವೆ ನಿಂತ ಸಂತನ ಮುಂದೆ ಜನ ಹರಕೆ ಹೊರುವುದನ್ನು ಕಂಡರೆ ಏನು ಎಣಿಸಬೇಕು? ಯಾವ ಬಾಗಿಲು ಮುಚ್ಚಿ ಬಂದೆನೋ ಅದು ಇಲ್ಲಿ ತೆರೆದಿದೆಯಲ್ಲ ಎಂದೇ. ಬಲ್ಮಠದ ಮೌನವನ್ನು ಸ್ವಿಟ್ಜರ್ಲೆಂಡಿನ ಆಮದು ಎಂದು ತಳ್ಳಿಹಾಕುವವರಿಗೆ ನಾನು ಹೇಳುವುದು ಇದು: ಆ ಮೌನದಲ್ಲಿ ನಮ್ಮ ಅಜ್ಜಂದಿರ ಭಯವೂ ಇದೆ, ಭಯದಿಂದ ಹೊರಬಂದ ಧೈರ್ಯವೂ ಇದೆ.

ಕಥೋಲಿಕರ ನೆನಪು ಇನ್ನೊಂದು ಬಗೆಯದು. 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಪಾದ್ರಿಗಳನ್ನು ಹೊರಹಾಕಿದ, ರೊಸಾರಿಯೊ ಸೇರಿ ಇಗರ್ಜಿಗಳು ನೆಲಸಮವಾದವು. ಸೆರೆ ಮುಗಿದದ್ದು 1799ರಲ್ಲಿ. ಆ 15 ವರ್ಷ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಪಾದ್ರಿಯ ಹಂಗಿಲ್ಲದೆ ಹೇಳಬಹುದಾದ ಪ್ರಾರ್ಥನೆ ಜಪಮಾಲೆ. ಮಣಿಗಳಿಲ್ಲದಿದ್ದರೂ ಹತ್ತು ಬೆರಳುಗಳಲ್ಲಿ ಎಣಿಸಿದರಾಯಿತು. ಅಂಥ ಜನಕ್ಕೆ ಮರಿಯಮ್ಮ ದೇವಶಾಸ್ತ್ರದ ಒಂದು ಅಧ್ಯಾಯವಾಗಿ ಉಳಿಯಲಾರಳು. ಸತ್ತವರು ಅವರಿಗೆ ಹೆದರಿಸುವವರಲ್ಲ, ಜೊತೆಗಿರುವವರು.

ಮರಿಯಮ್ಮನ ಜನನದ ಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ನೋಡಿದವರಿಗೆ ಇದು ತಿಳಿಯುತ್ತದೆ. ಆಗಸ್ಟ್ 30ರಿಂದ ಒಂಬತ್ತು ದಿನದ ನೊವೇನಾದಲ್ಲಿ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬಾಲೆ ಮರಿಯಮ್ಮನ ಮೂರ್ತಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಹೊಸ ತೆನೆಯ ಆಶೀರ್ವಾದ, ಮಕ್ಕಳಿಗೆ ಕಬ್ಬು, ಮನೆಯಲ್ಲಿ ಹೊಸ ಅಕ್ಕಿ ಬೆರೆಸಿದ ನೊವೆಂ ಊಟ. ಮೀನಿಲ್ಲದೆ ಊಟವಿಲ್ಲ ಎನ್ನುವ ಮನೆಗಳಲ್ಲೂ ಅಂದು ತರಕಾರಿಯೇ. ತುಳುವರ ತೆನೆಹಬ್ಬವಾದ ಕುರಲ್ ಪರ್ಬದ ಜೊತೆ ಇದಕ್ಕಿರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೊಟೆಸ್ಟಂಟ್ ಓದುಗ ಇಲ್ಲೊಂದು ನ್ಯಾಯವಾದ ಪ್ರಶ್ನೆ ಕೇಳಬಹುದು: ಮರಿಯಳ ಜನನದ ಕಥೆ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿದೆ? ಎಲ್ಲಿಯೂ ಇಲ್ಲ. ಜೋಕಿಮ್, ಅನ್ನಾ ಎಂಬ ತಂದೆತಾಯಿಯ ಹೆಸರುಗಳು ಎರಡನೆಯ ಶತಮಾನದ, ಯಾಕೋಬನ ಹೆಸರಿನಲ್ಲಿ ನಡೆದು ಬಂದ, ಬೈಬಲಿನಲ್ಲಿ ಸೇರದ ಒಂದು ಪುಸ್ತಕದಿಂದ ಬಂದವು. ಕಥೋಲಿಕರು ಇದನ್ನು ಮುಚ್ಚಿಡುವುದಿಲ್ಲ. ಸಭೆಯ ಪರಂಪರೆಯೂ ಸಾಕ್ಷಿ ಎನ್ನುತ್ತಾರೆ. ಮರಿಯಳ ಕುರಿತ 1854ರ ನಿಷ್ಕಳಂಕ ಗರ್ಭಧಾರಣೆಯ ಘೋಷಣೆ, 1950ರ ಸ್ವರ್ಗಾರೋಹಣದ ಘೋಷಣೆ ಎರಡೂ ನಿಂತಿರುವುದು ಆ ನೆಲೆಯ ಮೇಲೆ. ನಾವು ಆ ನೆಲೆಯನ್ನು ಒಪ್ಪುವುದಿಲ್ಲ. ಭೇದ ನಿಜವಾದದ್ದು, ಸವೆಸಿ ಚಪ್ಪಟೆ ಮಾಡುವಂಥದ್ದಲ್ಲ.

ಇನ್ನು ಆರಾಧನೆಯ ಮಾತು. ಆರಾಧನೆ ದೇವರೊಬ್ಬನಿಗೆ, ಸಂತರಿಗೆ ವಂದನೆ, ಮರಿಯಮ್ಮನಿಗೆ ಉಳಿದವರಿಗಿಂತ ಹೆಚ್ಚಿನ ವಂದನೆ: ಕಥೋಲಿಕ ಸಭೆ ಶತಮಾನಗಳಿಂದ ಕಲಿಸುತ್ತ ಬಂದದ್ದು ಇದು. ಪುಸ್ತಕದಲ್ಲಿ ಗೆರೆ ಸ್ಪಷ್ಟ. ಸಂದಣಿಯಲ್ಲಿ ಆ ಗೆರೆ ಕಾಣುತ್ತದೆಯೆ? ಕಾರ್ಕಳದ ಅತ್ತೂರು ಇಗರ್ಜಿಯ ಜಾತ್ರೆಯಾದ ಸಾಂತ್‌ಮಾರಿಗೆ ಜನವರಿಯಲ್ಲಿ ಎಲ್ಲ ಧರ್ಮದವರೂ ಹರಿದುಬರುತ್ತಾರೆ. ಅಲ್ಲಿ ನೆನೆಯುವ ಸಂತ ಲಾರೆನ್ಸ್ 258ರಲ್ಲಿ ರೋಮಿನಲ್ಲಿ ಪ್ರಾಣಕೊಟ್ಟ ಸಭಾಸೇವಕ, ಬಡವರ ಹಣ ನೋಡಿಕೊಳ್ಳುತ್ತಿದ್ದವನು. ಅಲ್ಲಿ ಸಾಲಿನಲ್ಲಿ ನಿಂತವರ ಭಕ್ತಿಯನ್ನು ಅಳೆಯುವ ಹಕ್ಕು ನನಗಿಲ್ಲ. ಆದರೆ ಬಡವರಿಗಾಗಿ ಸತ್ತವನ ಬಳಿ ನಾವು ಕೇಳುವುದೆಲ್ಲ ನಮ್ಮ ಮನೆಯ ಕೆಲಸಗಳನ್ನೇ ಆದರೆ, ಆತ ಯಾರೆಂಬುದು ಮರೆತುಹೋದೀತು.

ಈ ಚರ್ಚೆ ಕ್ರೈಸ್ತರದು ಮಾತ್ರ ಎಂದು ಬಂದರಿನಲ್ಲಿ ನಿಂತು ಹೇಳಲಾಗದು. ಕುರ್‌ಆನಿನ 19ನೆಯ ಅಧ್ಯಾಯಕ್ಕೆ ಮರ್ಯಮಳ ಹೆಸರಿದೆ. ನದಿಯಾಚೆ ಉಳ್ಳಾಲದ ದರ್ಗಾಕ್ಕೆ ಹೋಗುವ ಬ್ಯಾರಿ ಮುಸ್ಲಿಂ ಬಂಧುಗಳೂ, ದರ್ಗಾ ಸಲ್ಲದು ಎನ್ನುವ ಬ್ಯಾರಿ ಬಂಧುಗಳೂ ನಮ್ಮಿಬ್ಬರ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತಿದ್ದಾರೆ.

ರೋಮ್ ಕೂಡ ಈ ಪ್ರಶ್ನೆಯನ್ನು ತನ್ನೊಳಗೆ ಎದುರಿಸಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಮರಿಯಮ್ಮನ ಬಗ್ಗೆ ಪ್ರತ್ಯೇಕ ದಸ್ತಾವೇಜು ಬೇಕೋ, ಸಭೆಯ ಕುರಿತ ದಸ್ತಾವೇಜಿನಲ್ಲಿ ಒಂದು ಅಧ್ಯಾಯ ಸಾಕೋ ಎಂದು 1963ರ ಅಕ್ಟೋಬರ್ 29ರಂದು ಮತಕ್ಕೆ ಹಾಕಿದರು. ಅಧ್ಯಾಯ ಸಾಕೆಂದವರು 1,114. ಪ್ರತ್ಯೇಕ ಬೇಕೆಂದವರು 1,074. ಅಂತರ ಬರೀ 40 ಮತ. ಮರಿಯಮ್ಮ ಸಭೆಗಿಂತ ಮೇಲೆ ಒಂಟಿಯಾಗಿ ನಿಲ್ಲುವವಳಲ್ಲ, ಸಭೆಯೊಳಗೆ ಮೊದಲ ವಿಶ್ವಾಸಿ ಎಂಬ ನೋಟ ಅಂದು ಗೆದ್ದಿತು. ಮರುವರ್ಷ ಹೊರಬಂದ ಆ ದಸ್ತಾವೇಜು, ಅವಳಿಗೆ ಕೊಡುವ ಯಾವ ಬಿರುದೂ ಏಕೈಕ ಮಧ್ಯಸ್ಥನಾದ ಕ್ರಿಸ್ತನಿಂದ ಏನನ್ನೂ ಕಳೆಯುವಂತಿಲ್ಲ ಎಂದಿತು. 2025ರ ನವೆಂಬರಿನಲ್ಲಿ ವ್ಯಾಟಿಕನ್ ಇನ್ನೂ ಮುಂದೆ ಹೋಗಿ, ಅವಳನ್ನು ‘ಸಹವಿಮೋಚಕಿ’ ಎಂದು ಕರೆಯುವುದು ತಕ್ಕದ್ದಲ್ಲವೆಂದು ತಿಳಿಸಿತು. ಇದನ್ನು ನಮ್ಮ ಗೆಲುವೆಂದು ಯಾರಾದರೂ ಬೀಗಿದರೆ ನನಗೆ ನೋವಾಗುತ್ತದೆ. ಅವರು ತಮ್ಮ ನಂಬಿಕೆಗೇ ನಿಷ್ಠರಾಗಿ ಅಲ್ಲಿಗೆ ತಲುಪಿದ್ದಾರೆ.

ನಮ್ಮ ಕಡೆಯ ಮರೆವನ್ನೂ ಹೇಳಬೇಕು. ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ 21ನೆಯ ಕಲಮು ಸಂತರನ್ನು ನೆನೆಯಬೇಕು, ಅವರ ನಡೆ ನಮಗೆ ಮಾದರಿ ಎನ್ನುತ್ತದೆ. ಅವರನ್ನು ಬೇಡುವುದನ್ನಷ್ಟೇ ತಡೆಯುತ್ತದೆ. ಅದರ ಸಮರ್ಥನೆ ಬರೆದ ಮೆಲಾಂಕ್ಟನ್, ಸ್ವರ್ಗದಲ್ಲಿರುವ ಸಂತರು ಇಡೀ ಸಭೆಗಾಗಿ ಪ್ರಾರ್ಥಿಸುತ್ತಾರೆ ಎಂಬುದನ್ನು ಒಪ್ಪುತ್ತಾನೆ. ಬೇಡಬೇಡಿ ಎಂದದ್ದನ್ನು ನಾವು ಹಿಡಿದುಕೊಂಡೆವು, ನೆನೆಯಿರಿ ಎಂದದ್ದನ್ನು ಬಿಟ್ಟೆವು. ಕ್ರಿಸ್ಮಸ್ ನಾಟಕದಲ್ಲಿ ನೀಲಿ ಸೆರಗು ಹೊದ್ದು ಕೂರುವ ಹುಡುಗಿಯಾಗಿ ಮಾತ್ರ ಮರಿಯಳು ನಮ್ಮ ಮಕ್ಕಳಿಗೆ ಗೊತ್ತು. ಬಲಿಷ್ಠರು ಪೀಠದಿಂದ ಬೀಳುವರು, ಹಸಿದವರು ತುಂಬಿಕೊಳ್ಳುವರು ಎಂದು ಹಾಡಿದ ಹೆಂಗಸು ಲೂಕನ ಮೊದಲ ಅಧ್ಯಾಯದಲ್ಲೇ ಇದ್ದಾಳೆ. ಜಾತಿಯ ಪೆಟ್ಟು ತಿಂದು ಸಭೆಗೆ ಬಂದವರ ಮಕ್ಕಳಾದ ನಮಗೆ ಅವಳ ಹಾಡಿಗಿಂತ ಹತ್ತಿರದ ಹಾಡು ಯಾವುದಿದೆ?

ಈ ಊರಿನಲ್ಲಿ ಎರಡು ಸಭೆಗಳು ಒಂದರ ಮನೆಗೆ ಇನ್ನೊಂದು ಹೋದದ್ದೂ ಉಂಟು. ಬಾಸೆಲ್ ಮಿಶನಿನ ಶಾಲೆಗಳು ಬೆಳೆಯುತ್ತಿದ್ದ ಕಾಲಕ್ಕೆ ಇಲ್ಲಿನ ಕಥೋಲಿಕರ ಮನವಿಯ ಮೇರೆಗೆ ಜೆಸುಯಿಟರು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. ಅವರಲ್ಲೊಬ್ಬರಾದ ಫಾದರ್ ಮಾಫೆಯ್ ಕೊಂಕಣಿ ವ್ಯಾಕರಣವನ್ನೂ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ರಚಿಸಿದರು. 1882, 1883ರಲ್ಲಿ ಅವೆರಡೂ ಅಚ್ಚಾದದ್ದು ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಮರಿಯಮ್ಮನಿಗೆ ‘ನಮಾನ್ ಮರಿಯೆ’ ಪ್ರಾರ್ಥನೆ ಹೇಳುವವರ ಭಾಷೆಯ ವ್ಯಾಕರಣಕ್ಕೆ ಮೊಳೆ ಜೋಡಿಸಿದ್ದು ಆ ಪ್ರಾರ್ಥನೆಯನ್ನು ಹೇಳದವರ ಅಚ್ಚುಕೂಟ. ವಾದ ನಿಲ್ಲಿಸಿ ಮಾಡಿದ ಕೆಲಸವಲ್ಲ ಇದು, ವಾದ ಇದ್ದುಕೊಂಡೇ ಮಾಡಿದ್ದು.

ನಾನು ಸಂತರನ್ನು ಬೇಡುವುದಿಲ್ಲ. ನನ್ನ ಅಜ್ಜ ಪಡೆದ ಬಿಡುಗಡೆಯನ್ನು ನಾನು ಬಿಟ್ಟುಕೊಡಲಾರೆ. ಅವರು ನನಗಾಗಿ ಬೇಡುತ್ತಿಲ್ಲ ಎಂದೂ ನಾನು ಹೇಳಲಾರೆ. ಈ ನೆಲೆಯಿಂದ ಎರಡು ಕೋರಿಕೆ ಇಡುತ್ತೇನೆ. ನಮ್ಮ ಸಭಾಪಾಲಕರು ಸೆಪ್ಟೆಂಬರ್ 8ಕ್ಕೆ ಹತ್ತಿರದ ಭಾನುವಾರ ಮರಿಯಳ ಹಾಡಿನ ಮೇಲೆ ಪ್ರಸಂಗ ಮಾಡಲಿ. ಕಥೋಲಿಕ ಗುರುಗಳು ನೊವೇನಾದ ಒಂಬತ್ತು ದಿನಗಳಲ್ಲಿ ಒಂದು ಸಂಜೆ ಟ್ರೆಂಟಿನ ನಿರ್ಣಯವನ್ನು, ಮೂಢನಂಬಿಕೆಯ ಎಚ್ಚರಿಕೆಯನ್ನೂ ಸೇರಿಸಿ, ಇಡಿಯಾಗಿ ಕನ್ನಡದಲ್ಲೂ ಕೊಂಕಣಿಯಲ್ಲೂ ಓದಿಸಲಿ. ಎರಡೂ ಕಡೆ ಬಾಗಿಲು ತೆರೆದಿರಲಿ, ಕೇಳಲು ಇಷ್ಟವಿದ್ದವರು ಬರುತ್ತಾರೆ. ನಾನಂತೂ ಬರುತ್ತೇನೆ.