ಬಾಡಿಗೆ ಕಡಿಮೆ ಮಾಡಿ ಎಂದಾಗ

(ತಲಘಟ್ಟಪುರದ ಶರಣರೊಬ್ಬರ ಮನೆಯಲ್ಲಿ ನಡೆದ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತು)

 

ಇವತ್ತಿನ ವಿಷಯ ಕಾಯಕ ಮತ್ತು ದಾಸೋಹ. ಅದರ ಮೇಲೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಇದೇ ಊರಿನಲ್ಲಿ ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿಸಿದೆ. ಕೆಳಗೆ ನಾವಿದ್ದೇವೆ, ಮೇಲೆ ಮೂರು ಬಾಡಿಗೆ ಮನೆಗಳಿವೆ. ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಸಿ ಕೂರುತ್ತೇನೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮೇಲಿನ ಮನೆಯ ತಾಯಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದರು, ಗಂಡ ಆಟೋ ಓಡಿಸುತ್ತಿದ್ದರು. ಎರಡೂ ನಿಂತವು. ಆಕೆ ಮೆಟ್ಟಿಲ ಬಳಿ ನಿಂತು, “ಸಾರ್, ಫ್ಯಾಕ್ಟ್ರಿ ತೆಗೆಯೋವರೆಗೂ ಅರ್ಧ ಬಾಡಿಗೆ ತಗೊಳ್ಳಿ” ಎಂದರು. “ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ತೀನಿ ಬಿಡಮ್ಮ” ಎಂದೆ. ಕೂರಿ ಎಂದೂ ಹೇಳಲಿಲ್ಲ.

ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವು ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಆದೇಶಿಸಿತ್ತು. ಪೇಪರಿನಲ್ಲಿ ಓದಿ ಮಡಚಿಟ್ಟೆ. ಅದಕ್ಕೆ ಎರಡು ದಿನ ಮುಂಚೆ ರಿಸರ್ವ್ ಬ್ಯಾಂಕ್ ಸಾಲದ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು. ಅದನ್ನು ಮಾತ್ರ ಕೂಡಲೇ ಬಳಸಿಕೊಂಡೆ. ಬಡ್ಡಿ ಓಡುತ್ತಿತ್ತು ನಿಜ, ಆದರೂ ನನಗೆ ಉಸಿರಾಡಲು ಬಿಡುವು ಸಿಕ್ಕಿತ್ತು. ನನಗೆ ಸಿಕ್ಕ ಬಿಡುವನ್ನು ಮೇಲಿನ ಮನೆಗೆ ಹತ್ತಿಸಲಿಲ್ಲ.

ಮೂರು ತಿಂಗಳ ನಂತರ ಅವರು ಮನೆ ಖಾಲಿ ಮಾಡಿ ಊರಿಗೆ ಹೊರಟರು. ಬಾಡಿಗೆ 8,000, ಅಡ್ವಾನ್ಸ್ 80,000. ಬಾಡಿಗೆಗೆ 24,000, ಪೇಂಟಿಂಗ್‌ಗೆ 8,000 ಹಿಡಿದು 48,000 ಎಣಿಸಿಕೊಟ್ಟೆ. ಮನೆಗೆ ಪೇಂಟ್ ಮಾಡಿಸಲೇ ಇಲ್ಲ. ಗೋಡೆ ಒರೆಸಿ ಬೇರೆಯವರಿಗೆ ಕೊಟ್ಟೆ.

ಮುಂದೊಂದು ದಿನ ಇಂಥದ್ದೇ ಗೋಷ್ಠಿಯಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣ ದಂಪತಿಗಳ ಕಥೆ ಬಂತು. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದದ್ದಕ್ಕಿಂತ ಮೀರಿದ್ದು ಬೇಡವೆಂದು ಲಕ್ಕಮ್ಮನವರು ಅದನ್ನು ವಾಪಸು ಸುರಿದು ಬರಲು ಕಳಿಸಿದರು. ಬೆವರು ಸುರಿಸಿ ಆಯ್ದ ಅಕ್ಕಿಗೇ ಆ ಲೆಕ್ಕವಾದರೆ, ಹಚ್ಚದ ಬಣ್ಣಕ್ಕೆ ನಾನು ಹಿಡಿದ ದುಡ್ಡಿಗೆ ಯಾವ ಲೆಕ್ಕ? ಮನೆಗೆ ಬಂದು ಇಷ್ಟಲಿಂಗ ಪೂಜೆಗೆ ಕೂತರೆ ಮನಸ್ಸು ನಿಲ್ಲಲಿಲ್ಲ.

ಫೋನ್ ನಂಬರ್ ಹುಡುಕಿ, ಪೇಂಟಿಂಗ್‌ನ 8,000, ಆಕೆ ಕೇಳಿದ್ದ ಅರ್ಧ ಬಾಡಿಗೆಯ 12,000, ಒಟ್ಟು 20,000 ಕಳಿಸಿದೆ. ಆಕೆ ಬೈಯಲಿಲ್ಲ. “ಆಗ ಬಂದಿದ್ರೆ ಊರಿಗೆ ಹೋಗ್ತಿರ್ಲಿಲ್ಲ ಸಾರ್” ಎಂದರು, ಅಷ್ಟೆ.

ಬಂಧುಗಳೇ, 2021ರ ಜನವರಿಯಲ್ಲಿ ಮೆಟ್ರೊ ಇಲ್ಲಿಗೆ ಬಂತು. ನಮ್ಮಂಥ ಮಾಲೀಕರಿಗೆ ಆಸೆ ಹೆಚ್ಚಿತು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕೆನ್ನುತ್ತದೆ. ನಾವು ಹತ್ತು ತಿಂಗಳದ್ದು ಕೇಳುತ್ತೇವೆ. ಕಾಯ್ದೆ ಕೈಹಿಡಿಯದ ಕಡೆ ಬಾಡಿಗೆದಾರನಿಗೆ ಉಳಿಯುವುದು ಮಾಲೀಕನ ಮನಸ್ಸಾಕ್ಷಿ ಒಂದೇ.

ಹಾಗೆಂದು ಕೇಳಿದವರಿಗೆಲ್ಲ ಇಳಿಸುತ್ತೇನೆ ಎಂದಲ್ಲ. ಪಕ್ಕದ ಬೀದಿಯಲ್ಲಿ ಸಾವಿರ ಕಡಿಮೆ ಎಂದು ಒಳ್ಳೆಯ ಸಂಬಳದ ದಂಪತಿ ಚೌಕಾಸಿ ಮಾಡಿದರು. ಆಗುವುದಿಲ್ಲ ಎಂದೆ, ನಗುತ್ತಲೇ ಒಪ್ಪಿದರು. ಆದರೆ ಕೆಲಸ ಹೋಗಿದೆ, ಆಸ್ಪತ್ರೆ ಖರ್ಚು ಬಂದಿದೆ ಎಂದು ಯಾರಾದರೂ ಬಂದರೆ ಮೊದಲು ಒಳಗೆ ಕರೆದು ಕೂರಿಸುತ್ತೇನೆ. ಎಷ್ಟು ಇಳಿಸಿದೆ, ಎಷ್ಟು ತಿಂಗಳಿಗೆ ಎಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಬೀದಿಯಲ್ಲಿ ಹೇಳಿಕೊಳ್ಳುವುದಿಲ್ಲ. ಖಾಲಿ ಮಾಡುವ ದಿನ ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಹಿಡಿಯುವುದಿಲ್ಲ.

ಇದನ್ನು ದಾಸೋಹ ಎಂದು ಕರೆಯಲು ನನಗೆ ಸಂಕೋಚ. ಹೆಚ್ಚಾಗಿ ತಂದ ಅಕ್ಕಿಯನ್ನು ವಾಪಸು ಸುರಿಯುವುದಷ್ಟೇ ಇದು. ಇಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಬಹಳ ಮಂದಿ ಇದ್ದೀರಿ. ಇವತ್ತು ಮನೆಗೆ ಹೋಗಿ ನಿಮ್ಮ ಬಾಡಿಗೆ ಪುಸ್ತಕ ಒಮ್ಮೆ ತೆರೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ.