ಬ್ಲಾಕ್ ಆರಿಸುವ ಮುಂಚೆ ಒಂದು ತುಂಡು ಸೀಮೆಸುಣ್ಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ನಿನ್ನ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡು ಎಂದು ಮೇಷ್ಟ್ರು ಹೇಳಿದರು. ನಾನು ಭಾಷಣಕಾರನಲ್ಲ, ಎಂಜಿನ್ ಬಿಚ್ಚಿ ಜೋಡಿಸುವವನು. ಕೋಲಾರದ ಮಂಡಿಗೆ ಟೊಮೆಟೊ ಹೊರುವ ಗಾಡಿಗಳೇ ನನ್ನ ಹೊಟ್ಟೆಪಾಡು. ಆದರೆ ವರ್ಷಕ್ಕೆ ಒಂದೆರಡು ರ‍್ಯಾಲಿ ಗಾಡಿಗಳೂ ಬರುತ್ತವೆ. ಆ ಹುಚ್ಚು ಹತ್ತಿದ್ದು ಹುಡುಗನಾಗಿದ್ದಾಗ. ಬೆಂಗಳೂರಿನ ರೇಸ್ ಕಾರುಗಳು ಮದರಾಸಿನ ಕಡೆಗೆ ನಮ್ಮ ಮುಳಬಾಗಿಲಿನ ಹೆದ್ದಾರಿಯಲ್ಲೇ ಲಾರಿ ಏರಿ ಹೋಗುತ್ತಿದ್ದವು. ನಾವು ಟೀ ಅಂಗಡಿ ಮುಂದೆ ನಿಂತು ಬಾಯಿ ಬಿಟ್ಟು ನೋಡುತ್ತಿದ್ದೆವು.

ವೇಗದ ಗಾಡಿ ಕಟ್ಟುವಾಗ ಮೊದಲು ಆರಿಸಬೇಕಾದದ್ದು ಬ್ಲಾಕ್. ಮನೆಗೆ ಪಾಯ ಇದ್ದಂತೆ ಎಂಜಿನ್ನಿಗೆ ಬ್ಲಾಕ್. ಪಿಸ್ಟನ್ ಓಡಾಡುವ ಸಿಲಿಂಡರುಗಳು ಅದರಲ್ಲೇ ಇವೆ. ಕ್ರ್ಯಾಂಕ್ ಕೂರುವುದು ಅದರ ಕೆಳಗೆ. ನೀರಿನ ದಾರಿ, ಆಯಿಲ್ ದಾರಿ ಎಲ್ಲ ಅದರ ಹೊಟ್ಟೆಯೊಳಗೆ. ಇದರಲ್ಲಿ ನಾನು ಒಮ್ಮೆ ತಪ್ಪಿದೆ. ಆ ತಪ್ಪನ್ನೇ ಇವತ್ತು ಹೇಳುತ್ತೇನೆ.

ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರ ಹುಡುಗನೊಬ್ಬ ಜಿಪ್ಸಿ ತಂದ. ಮಾರುತಿ ಜಿಪ್ಸಿ 1985ರಲ್ಲಿ ಬಂದಾಗ 970 ಸಿಸಿ ಇತ್ತು. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು. ನಮ್ಮ ದೇಶದ ರ‍್ಯಾಲಿಗಳಲ್ಲಿ ಬಹಳ ಓಡಿದ ಗಾಡಿ ಅದು. ಹುಡುಗನದು 1298 ಸಿಸಿಯದು. "ಅಣ್ಣ, ಹಳೆ ಬ್ಲಾಕ್ ಬೇಡ, ಸವೆದಿದೆ. ಬೆಂಗಳೂರಿನ ಗುಜರಿಯಿಂದ ಒಳ್ಳೇದು ತಂದಿದೀನಿ" ಎಂದ. ನೋಡಿದೆ. ಬೆಳ್ಳಿ ಬಣ್ಣ ಬಳಿದು ಫಳಫಳ ಹೊಳೆಯುತ್ತಿತ್ತು. ಬೋರ್ ಅಳೆದೆ, ಕಂಪನಿಯಿಂದ ಬಂದ ಅಳತೆಯೇ, 74 ಮಿಲಿಮೀಟರ್. ಖುಷಿಯಾಯಿತು. ರ‍್ಯಾಲಿಗೆ ಹದಿನೈದು ದಿನ ಇತ್ತು. ಮುಂದಿನ ಪರೀಕ್ಷೆ ಬಿಟ್ಟು ಜೋಡಿಸಿಬಿಟ್ಟೆ.

ಮೂರನೇ ದಿನ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. ನೀರು ಆಯಿಲ್ಲಿಗೆ ಸೇರಿತ್ತು. ಬಿಚ್ಚಿ ಬಣ್ಣ ಕೆರೆದಾಗ ಒಳಗೆ ಹಳೆಯ ವೆಲ್ಡಿಂಗ್, ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು. ಬೇರಿಂಗ್, ಪಿಸ್ಟನ್ ರಿಂಗ್ ಎಲ್ಲ ಹಾಳು. ಆ ವರ್ಷದ ಮಾವಿನ ಫಸಲಿನ ದುಡ್ಡನ್ನು ಅವರಪ್ಪ ಕೊಟ್ಟಿದ್ದರು. ನಾನು ಕೂಲಿ ತೆಗೆದುಕೊಳ್ಳಲಿಲ್ಲ. ಆದರೆ ಸಾಮಾನಿಗೆ ಹಾಕಿದ ದುಡ್ಡು ಹೋಯಿತು, ರ‍್ಯಾಲಿಯೂ ತಪ್ಪಿತು. ಹುಡುಗ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಾನು ಬಿಟ್ಟ ಪರೀಕ್ಷೆ ಯಾವುದು ಗೊತ್ತೆ? ಸೀಮೆಸುಣ್ಣದ್ದು. ಅನುಮಾನ ಇರುವ ಜಾಗದ ಬಣ್ಣ, ಜಿಡ್ಡು ತೆಗೆದು ಸೀಮೆಎಣ್ಣೆ ಸವರಬೇಕು. ಸ್ವಲ್ಪ ಹೊತ್ತು ಬಿಟ್ಟು ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಬಣ್ಣದ ದ್ರವ ಬಳಸುತ್ತಾರೆ, ತತ್ವ ಒಂದೇ. ಆಮೇಲೆ ನೀರಿನ ದಾರಿಗಳನ್ನು ಮುಚ್ಚಿ ಒತ್ತಡ ಕೊಟ್ಟು ನೋಡಬೇಕು. ಎರಡಕ್ಕೂ ಸೇರಿ ಅರ್ಧ ದಿನ ಸಾಕಿತ್ತು.

ಹುಡುಗನ ಶೆಡ್ಡಿನ ಮೂಲೆಯಲ್ಲಿ ಅವನ ಹಳೇ ಬ್ಲಾಕ್ ಜಿಡ್ಡು ಹಿಡಿದು ಬಿದ್ದಿತ್ತು. ತಂದು ತೊಳೆದೆ. ಈ ಸಲ ಸೀಮೆಸುಣ್ಣದಿಂದಲೇ ಶುರುಮಾಡಿದೆ. ಬಿರುಕಿಲ್ಲ. ಆಮೇಲೆ ಬೋರ್ ಗೇಜ್ ಇಟ್ಟೆ. ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ. ಪ್ರತಿ ಕಡೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ನಾಲ್ಕು ಸಿಲಿಂಡರಿಗೆ 24 ಅಳತೆ. ಸವೆದು ಸ್ವಲ್ಪ ಮೊಟ್ಟೆಯಾಕಾರವಾಗಿತ್ತು, ಅಷ್ಟೆ. ಹೆಡ್ ಕೂರುವ ಮೇಲ್ಮೈ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದೆ. ಅದೂ ಸಪಾಟಾಗಿತ್ತು. ಅರ್ಧ ಮಿಲಿಮೀಟರ್ ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದೆ. ಮುಂದಿನ ವರ್ಷ ಗಾಡಿ ಓಡಿತು. ಗೆಲ್ಲಲಿಲ್ಲ, ಆದರೆ ಕೊನೆಯ ತನಕ ಓಡಿತು.

ನಮ್ಮ ಜಿಲ್ಲೆಯಲ್ಲಿ ಬೋರ್ ಎಂದರೆ ಮೊದಲು ಕೊಳವೆಬಾವಿ. ಸಾವಿರ ಅಡಿ ಆದಮೇಲೂ ಇನ್ನೂ ನೂರಡಿ ಹೋಗೋಣ ಎನ್ನುತ್ತೇವೆ. ಎಂಜಿನ್ನಿನಲ್ಲೂ ಅದೇ ಆಸೆ: ಬೋರ್ ದೊಡ್ಡದು ಮಾಡು, ಪವರ್ ಬರುತ್ತೆ. ಲೆಕ್ಕ ಹಾಕಿ ನೋಡಿ. ಬೋರ್ 74, ಸ್ಟ್ರೋಕ್ 75.5 ಮಿಲಿಮೀಟರ್. ಬೋರನ್ನು 74.5 ಮಾಡಿದರೆ ನಾಲ್ಕೂ ಸಿಲಿಂಡರ್ ಸೇರಿ ಹೆಚ್ಚುವುದು ಸುಮಾರು 18 ಸಿಸಿ ಮಾತ್ರ. ಹತ್ತನೇ ತರಗತಿಯ ಸಿಲಿಂಡರ್ ಗಾತ್ರದ ಸೂತ್ರ ಇದಕ್ಕೆ ಸಾಕು. ಗೋಡೆ ತೀರಾ ತೆಳುವಾದರೆ ಬಿಸಿಗೆ ಅದೇ ಡೊಂಕಾಗುತ್ತದೆ. ಪವರ್ ಬರುವುದು ಹೆಚ್ಚಾಗಿ ಹೆಡ್, ಕ್ಯಾಮ್, ಕಂಪ್ರೆಷನ್ನಿನಿಂದ. ಆ ಪವರನ್ನು ತಡೆದುಕೊಳ್ಳುವುದು ಬ್ಲಾಕಿನ ಕೆಲಸ.

ಕಬ್ಬಿಣವೋ ಅಲ್ಯೂಮಿನಿಯಮ್ಮೋ ಎಂದು ಕೇಳುತ್ತಾರೆ. ಹಳೆಯ ಅಂಬಾಸಿಡರ್, ಫಿಯಟ್ ಬ್ಲಾಕುಗಳು ಬೀಡುಕಬ್ಬಿಣದವು. ಭಾರ, ಆದರೆ ಗಟ್ಟಿ. ಈ 1298 ಸಿಸಿಯದು ಅಲ್ಯೂಮಿನಿಯಂ, ಒಳಗೆ ಕಬ್ಬಿಣದ ಲೈನರ್. ಅಲ್ಯೂಮಿನಿಯಂ ಹಗುರ, ಆದರೆ ಬಿಸಿಗೆ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಮ್ಮೆ ನೀರಿಲ್ಲದೆ ಕಾದರೆ ಹೆಡ್ಡಿನ ಮೇಲ್ಮೈ ಬಾಗಬಹುದು. ನಮ್ಮ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುತ್ತಾ ಬಂದರೆ ನೀರಿನ ದಾರಿಯಲ್ಲಿ ಸುಣ್ಣ ಕಟ್ಟಿಕೊಂಡು ಅದೇ ಗತಿ. ಕೂಲೆಂಟ್ ಹಾಕಿ. ಇದು ರ‍್ಯಾಲಿಯವರಿಗೆ ಮಾತ್ರ ಅಲ್ಲ, ಟೊಮೆಟೊ ಗಾಡಿಯವರಿಗೂ ಹೇಳುತ್ತಿದ್ದೇನೆ.

ಹಳೆಯದೆಂದು ಬ್ಲಾಕನ್ನು ಹೀಗಳೆಯಬೇಡಿ. 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದಾಗ ಅವರ ಬ್ರಾಬಮ್ ಕಾರಿನಲ್ಲಿದ್ದ ಬಿಎಂಡಬ್ಲ್ಯು ಟರ್ಬೊ ಎಂಜಿನ್ ಒಂದೂವರೆ ಲೀಟರಿನದು. ಅದರ ಕಬ್ಬಿಣದ ಬ್ಲಾಕ್ ಸಾಮಾನ್ಯ ರಸ್ತೆ ಕಾರಿನ ಬ್ಲಾಕಿನಿಂದ ಬಂದದ್ದು. ಓಡಿ ಪಳಗಿದ ಹಳೆಯ ಬ್ಲಾಕುಗಳನ್ನೇ ಅಲ್ಲಿನ ಎಂಜಿನಿಯರುಗಳು ಹುಡುಕುತ್ತಿದ್ದರು. ಹೊಸ ಎರಕದೊಳಗೆ ಬಿಗಿತ ಉಳಿದಿರುತ್ತದೆ. ಕಾದು ಆರಿ, ಕಾದು ಆರಿ ಅದು ಸಡಿಲವಾಗುತ್ತದೆ. ಹಸಿ ಮರದಲ್ಲಿ ಬಾಗಿಲು ಮಾಡಿದರೆ ಏನಾಗುತ್ತದೆ ಎಂದು ನಮ್ಮ ಬಡಗಿಗಳಿಗೆ ಗೊತ್ತು.

ಇನ್ನೊಂದು ವಿಷಯ. ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಬೇರೆ ಬ್ಲಾಕ್ ಹಾಕಿದರೆ ಆರ್‌ಸಿಯಲ್ಲಿ ಬದಲಾಯಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದರ ಬಗ್ಗೆಯೇ ಇದೆ. ಬಿಲ್ಲಿಲ್ಲದ ಬ್ಲಾಕ್ ತಂದರೆ ಕಳ್ಳಮಾಲು ಮನೆಗೆ ಬಂದಿರಲೂಬಹುದು. ನಿಮ್ಮ ಬ್ಲಾಕ್ ಗಟ್ಟಿಯಿದ್ದರೆ ಅದನ್ನೇ ಉಳಿಸಿಕೊಳ್ಳಿ.

ವಿಜ್ಞಾನದ ಮೇಷ್ಟ್ರು ನನ್ನ ಕೈಗೆ ವರ್ನಿಯರ್ ಕೊಟ್ಟು, "ಒಂದು ಸಲ ಅಳೆದರೆ ಸಾಲದು ಕಣೋ, ಮೂರು ಸಲ ಅಳಿ" ಎನ್ನುತ್ತಿದ್ದರು. ಆಗ ಬೇಜಾರಾಗುತ್ತಿತ್ತು. ಅವರು ಇಂದು ಇಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಸರ್, ಆ ಒಂದು ಸಲ ನಿಮ್ಮ ಮಾತು ಮರೆತಿದ್ದೆ.

ಆ ಬಿರುಕು ಬಿಟ್ಟ ಬ್ಲಾಕನ್ನು ನಾನು ಗುಜರಿಗೆ ಹಾಕಲಿಲ್ಲ. ಒಳಗಿನದು ಕಾಣುವಂತೆ ನಡುವೆ ಕೊಯ್ಸಿ ಇವತ್ತು ಶಾಲೆಗೆ ತಂದಿದ್ದೇನೆ, ವಿಜ್ಞಾನದ ಕೋಣೆಯಲ್ಲಿಡಲು. ಬಿರುಕು ಎಲ್ಲಿದೆ ಎಂದು ನಾನು ಗುರುತು ಹಾಕಿಲ್ಲ. ಮಕ್ಕಳೆ, ಸೀಮೆಸುಣ್ಣ ನಿಮ್ಮ ಹತ್ತಿರವೇ ಇದೆ. ಹುಡುಕಿ.