ಜಗುಲಿಯ ಮೇಲೆ ಹೇಳಿದ ಮಾತು



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು ಅಂತ ಹೆಡ್‌ಮಾಸ್ಟರು ಹೇಳಿದ್ದರು. ಅದನ್ನು ಮಕ್ಕಳು ಯೂಟ್ಯೂಬಿನಲ್ಲೇ ನೋಡಿಕೊಳ್ಳುತ್ತಾರೆ. ನಾನು 2021ರ ಬೇಸಿಗೆಯ ಬಗ್ಗೆ ಮಾತಾಡುತ್ತೇನೆ.

ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೆಲ್ಲ ಬಂದ್ ಎಂದು ಸರ್ಕಾರ ಹೇಳಿದ ದಿನವೇ ಬೆಂಗಳೂರಿನಲ್ಲಿ ಬಸ್ ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ನನ್ನ ಮಾಸ್ಕ್ ಅರ್ಧ ದಾರಿ ಗದ್ದದ ಮೇಲಿತ್ತು.

ಮರುದಿನ ಬೆಳಿಗ್ಗೆಯೇ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಇದೇ ಶಾಲೆಯಲ್ಲಿ ನನ್ನ ಸಹಪಾಠಿ. ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದವಳು. ಪಿಯುಸಿಗೆ ಭದ್ರಾವತಿಗೆ ಕಳಿಸಲಿಲ್ಲ, ಅಷ್ಟೇ ವ್ಯತ್ಯಾಸ. "ಟೆಸ್ಟ್ ಮಾಡಿಸು, ಅಲ್ಲಿವರೆಗೆ ರೂಮಿನಲ್ಲೇ ಇರು" ಅಂದಳು. ನಾನು ಬಿ.ಇ. ಓದಿದವನು! ಜಗುಲಿಯ ಮೇಲೆ ಕೂತು ಮೊಬೈಲಿನಲ್ಲಿ ಗ್ರಾಫ್ ತೋರಿಸಿ ಅವಳಿಗೇ ಪಾಠ ಮಾಡಿದೆ. ಜ್ವರವಿಲ್ಲ, ಕೆಮ್ಮಿಲ್ಲ, ಮತ್ಯಾಕೆ ಅಂದೆ. "ಜ್ವರ ಬರದೇ ಇದ್ದೋರಿಂದಲೂ ಹರಡುತ್ತೆ ಕಣೋ" ಅಂದಳು. ನಾನು ನಕ್ಕೆ. ಸಂಜೆ ಪಕ್ಕದ ಮನೆ ದೊಡ್ಡಪ್ಪ ಬೆಂಗಳೂರಿನ ಸುದ್ದಿ ಕೇಳಲು ಬಂದರು. ಅದೇ ಜಗುಲಿ, ಕಾಫಿ, ಒಂದು ಗಂಟೆ ಮಾತು.

ಆಗಿನ ನಿಯಮಗಳೆಲ್ಲ ಸರಿಯಿದ್ದವು ಅಂತ ನಾನು ಹೇಳುವುದಿಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ ಎಂದರೆ ಇಡೀ ಊರು ಒಂದೇ ಹೊತ್ತಿಗೆ ಅಂಗಡಿ ಮುಂದೆ ನಿಲ್ಲುತ್ತಿತ್ತು. ಜೂನ್ 14ಕ್ಕೆ ಬೇರೆ ಕಡೆ ಸಡಿಲವಾದಾಗಲೂ ನಮ್ಮದೂ ಸೇರಿ 11 ಜಿಲ್ಲೆಗಳಿಗೆ ಇನ್ನೂ ಒಂದು ವಾರ ಬಿಗಿ ಇತ್ತು. ನನಗೆ ಮನೆಯಲ್ಲೇ ಕೂತು ಸಂಬಳ ಬಂತು. ಗಾರೆ ಕೆಲಸದವರಿಗೆ, ಆಟೋದವರಿಗೆ ಯಾರು ಕೊಟ್ಟರು? ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅಂಗಡಿ ಹೊತ್ತಿನ ತಪ್ಪನ್ನು ತೋರಿಸಿ ನಾನು ರೂಮಿನಿಂದ ಹೊರಗೆ ಬಂದಿದ್ದೆನಲ್ಲ, ಅದಕ್ಕೆ ಲೆಕ್ಕವಿಲ್ಲ.

ಐದನೇ ದಿನ ಅಮ್ಮನಿಗೆ ಜ್ವರ ಬಂತು. ಮೇ 10, ಬಿಗಿ ಲಾಕ್‌ಡೌನ್ ಶುರುವಾದ ದಿನ, ಆಕ್ಸಿಮೀಟರ್ 88 ತೋರಿಸಿತು. 94ಕ್ಕಿಂತ ಇಳಿದರೆ ಕಾಯಬಾರದು ಅಂತ ಹೇಳಿಕೊಟ್ಟಿದ್ದವಳೂ ಅವಳೇ. ರಸ್ತೆಯಲ್ಲಿ ಒಂದು ವಾಹನವಿಲ್ಲ. ಅವಳೇ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಗೇಟಿನ ಹತ್ತಿರ ನಿಂತಿದ್ದಳು. ಶಿವಮೊಗ್ಗದ ಮೆಗ್ಗಾನ್‌ನಲ್ಲಿ ಅಮ್ಮನಿಗೆ ಹಾಸಿಗೆ ಸಿಕ್ಕಿತು. ಆ ದಿನಗಳಲ್ಲಿ ಭದ್ರಾವತಿಯ ವಿಐಎಸ್‌ಎಲ್ ಆವರಣದ ಘಟಕದಿಂದಲೂ ಆಸ್ಪತ್ರೆಗಳಿಗೆ ಆಮ್ಲಜನಕ ಹೋಗುತ್ತಿತ್ತು. ಅಪ್ಪ ಆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿದವರು. "ಕಬ್ಬಿಣಕ್ಕೆ ಅಂತ ಇದ್ದ ಗಾಳಿ ಮನುಷ್ಯರಿಗೆ ಬಂತು ನೋಡು" ಅಂದರು.

ಹನ್ನೆರಡು ದಿನಕ್ಕೆ ಅಮ್ಮ ಮನೆಗೆ ಬಂದರು. ಅಷ್ಟರಲ್ಲಿ ದೊಡ್ಡಪ್ಪ ತೀರಿಹೋಗಿದ್ದರು. ಹೆಗಲು ಕೊಡಲು ನಮ್ಮನ್ನು ಬಿಡಲಿಲ್ಲ; ಗದ್ದೆಯ ಈಚೆ ನಿಂತು ನೋಡಿದೆವು. ನನ್ನಿಂದಲೇ ಬಂತೋ, ಅಂಗಡಿಯ ಗುಂಪಿನಿಂದ ಬಂತೋ ಯಾರೂ ಹೇಳಲಾರರು. ದೊಡ್ಡಮ್ಮ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಈಗಲೂ ಊರಿಗೆ ಬಂದರೆ ಕಾಫಿ ಕೊಡುತ್ತಾರೆ.

ನನ್ನ ಸಹಪಾಠಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅವತ್ತು ನಕ್ಕಿದ್ದಕ್ಕೆ ಕ್ಷಮಿಸು ಅಂತ ಇಷ್ಟು ವರ್ಷ ಹೇಳಿರಲಿಲ್ಲ, ಈಗ ಎಲ್ಲರ ಮುಂದೆ ಹೇಳುತ್ತಿದ್ದೇನೆ. ದೊಡ್ಡಮ್ಮ ಮಂಡಿನೋವು ಅಂತ ಬಂದಿಲ್ಲ. ಊಟ ಮುಗಿಸಿಕೊಂಡು ಅವರ ಮನೆಗೆ ಹೋಗುತ್ತೇನೆ.